ಅಕ್ಕನ ಬಿಲ್ಲೆ

“ಸರ, ಮೇಡಮ್ಮರ ಕಣ್ಣಾಗ ನೋಡ್ರಿ. ಹಣಿ ಅಲ್ರಿ, ಕಣ್ಣು,” ಎಂದು ಮಾಳೇಶ ಕ್ಯಾಮೆರಾದ ಹಿಂದಿನಿಂದ ಐದನೆಯ ಸಲ ಹೇಳಿದ. ಸಂಜಯ ಮುಖವನ್ನು ಒಂದಿಷ್ಟು ತಗ್ಗಿಸಿದ. ಅವನ ನೋಟ ದಾನೇಶ್ವರಿಯ ಹುಬ್ಬಿನವರೆಗೆ ಇಳಿದು ಅಲ್ಲಿಯೇ ನಿಂತಿತು. ಅವನ ಕೈ ಅವಳ ಸೊಂಟದ ಹತ್ತಿರವಿತ್ತು. ಆದರೆ ಸೀರೆಗೂ ಅಂಗೈಗೂ ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟಿದ್ದ. ಅದು ಫೋಟೋದಲ್ಲಿ ಗೊತ್ತಾಗುವುದಿಲ್ಲ ಎಂದು ಅವಳು ಅಂದುಕೊಂಡಳು.

ಅವರ ಬೆನ್ನ ಹಿಂದೆ ಮಠದ ಗೋಡೆ. ಮೋಡ, ತಾವರೆ, ಸಿಂಹ, ಕೋರೆಹಲ್ಲಿನ ಕಾವಲುದೇವತೆಗಳು ಎಂದು ಅಂಗೈಯಷ್ಟು ಜಾಗವನ್ನೂ ಬರಿದು ಬಿಡದಂತೆ ಕೆಂಪು, ನೀಲಿ, ಚಿನ್ನದ ಬಣ್ಣಗಳಲ್ಲಿ ಬರೆದಿದ್ದರು. ಮುಂಡಗೋಡದ ಹತ್ತಿರದ ಟಿಬೇಟಿಯನ್ ಕ್ಯಾಂಪಿನಲ್ಲಿರುವ ಈ ಬೌದ್ಧ ಮಠಕ್ಕೆ ಭಾನುವಾರ ಬಂದದ್ದೇ ತಪ್ಪಾಗಿತ್ತು. ಎರಡು ಶಾಲೆಗಳ ಪ್ರವಾಸದ ಬಸ್ಸುಗಳು ಬಂದಿದ್ದವು. ಮೆಟ್ಟಿಲ ಕೆಳಗೆ ಇನ್ನೂ ಮೂರು ಜೋಡಿಗಳು ತಮ್ಮ ತಮ್ಮ ಫೋಟೋಗ್ರಾಫರನ ಜೊತೆ ಇದೇ ಗೋಡೆಗಾಗಿ ಕಾಯುತ್ತಿದ್ದವು. ಅವರಲ್ಲೊಬ್ಬ ಹುಡುಗಿ ನೆಲದ ಮೇಲೆ ಹರಿಯುವ ನೇರಳೆ ಗೌನನ್ನು ಮೊಣಕಾಲ ತನಕ ಎತ್ತಿ ಹಿಡಿದುಕೊಂಡು ಐಸ್‌ಕ್ಯಾಂಡಿ ತಿನ್ನುತ್ತಿದ್ದಳು. ಕೆಂಪು ಬಟ್ಟೆಯ ಭಿಕ್ಕುಗಳು ದೊಡ್ಡ ದೊಡ್ಡ ಚಹಾದ ಕಿಟ್ಲಿ ಹಿಡಿದು ಯಾರನ್ನೂ ನೋಡದೆ ನಡುವೆಯೇ ದಾಟಿ ಹೋಗುತ್ತಿದ್ದರು.

ಮಾಳೇಶನದು ಹಾರೂಗೇರಿಯಲ್ಲಿ ಸ್ಟುಡಿಯೋ. ಇಲ್ಲಿ ಯಾವ ಗೋಡೆಗೆ ಎಷ್ಟು ಗಂಟೆಗೆ ಬಿಸಿಲು ಬೀಳುತ್ತದೆ ಎಂದು ಬಲ್ಲವನು. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆ ಈಗ ಅರಿಷಿಣದ ದಿನ ದೊಡ್ಡ ಪರದೆಯ ಮೇಲೆ ಮೊದಲೇ ತೆಗೆಸಿದ ಇಂಥ ಜೋಡಿ ಫೋಟೋಗಳು ಓಡದ ಲಗ್ನವಿಲ್ಲ. ದಾನೇಶ್ವರಿಯ ಅಪ್ಪ ಮುರಗೆಪ್ಪ ಇದನ್ನು ತಾನಾಗಿಯೇ ಗೊತ್ತುಮಾಡಿದ್ದ. ಎರಡನೇ ಸಂಬಂಧ ಅಂತ ಹುಡುಗಿಗೆ ಕಡಿಮೆ ಮಾಡಿದರು ಎಂದು ತಮ್ಮೂರು ಕಬ್ಬೂರಿನಲ್ಲಿ ಯಾರೂ ಅನ್ನಬಾರದು, ದೊಡ್ಡ ಮಗಳಿಗೆ ಏನೇನು ಆಗಿತ್ತೋ ಅದೆಲ್ಲ ಇವಳಿಗೂ ಆಗಬೇಕು ಎನ್ನುವುದು ಅವನ ಹಟ.

ದೊಡ್ಡ ಮಗಳು ಮನೀಷಾ. ಆರು ವರ್ಷದ ಹಿಂದೆ ಅವಳನ್ನು ಅಥಣಿ ಕಡೆಯ ಅನಂತಪುರದ ಈ ಸಂಜಯನಿಗೇ ಕೊಟ್ಟಿದ್ದರು. ಒಂಬತ್ತು ತಿಂಗಳ ಹಿಂದೆ ಡೆಂಗ್ಯೂ ಜ್ವರದಲ್ಲಿ ಎಂಟೇ ದಿನಕ್ಕೆ ಅವಳು ಹೋದಳು. ನಾಲ್ಕು ವರ್ಷದ ಮಗಳು ಸೌಂದರ್ಯಾ ಉಳಿದಳು. ಸಾವಾದ ಮನೆಯಲ್ಲಿ ಲಗ್ನ ಮಾಡುವುದಿದ್ದರೆ ವರ್ಷ ತುಂಬುವುದರೊಳಗೆ ಮಾಡಬೇಕು, ಇಲ್ಲವಾದರೆ ಮೂರು ವರ್ಷ ತಡೆಯಬೇಕು ಎಂದು ಎರಡೂ ಮನೆಯ ಹಿರಿಯರು ಹೇಳಿದರು. ಮೂರು ವರ್ಷ ಕೂಸನ್ನು ಯಾರು ನೋಡಬೇಕು? ಹೊರಗಿನವಳು ಬಂದರೆ ಅದರ ಗತಿಯೇನು? ಮಾತು ಸುತ್ತಿ ಸುತ್ತಿ ದಾನೇಶ್ವರಿಯ ಮೇಲೆ ಬಂದು ನಿಂತಾಗ ಅವಳು ಚಿಕ್ಕೋಡಿಯ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಕೊಳವೆಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಅವ್ವ ಫೋನಿನಲ್ಲಿ ಹೇಳಿದ್ದು ಅವಳಿಗೆ ಮೊದಲ ಸಲಕ್ಕೆ ಅರ್ಥವೇ ಆಗಲಿಲ್ಲ.

ಒಲ್ಲೆ ಎಂದು ಅವಳು ಹೇಳಿದ್ದಳು. ಒಮ್ಮೆ ಅಳುತ್ತ, ಒಮ್ಮೆ ಅಳದೆ. ಅಕ್ಕ ಮಲಗಿದ ಕೋಣೆಯಲ್ಲಿ ಮಲಗಿ, ಅಕ್ಕನ ತಿಜೋರಿಯಲ್ಲಿ ಸೀರೆ ಇಟ್ಟು, ಅಕ್ಕ ಹಣೆಯಿಂದ ಉಗುರಲ್ಲಿ ಕಿತ್ತು ಗೋಡೆಗೆ ಅಂಟಿಸಿದ ಟಿಕಳಿಗಳನ್ನು ಕನ್ನಡಿಯ ಪಕ್ಕದಲ್ಲಿ ದಿನಾ ನೋಡುತ್ತ ಬದುಕಲು ತನ್ನಿಂದ ಆಗುವುದಿಲ್ಲ ಎಂದು ವಿವರಿಸಿದ್ದಳು. ಅವ್ವ ಕೇಳಿಸಿಕೊಂಡು, ಹಂಗಾರ ಆ ಕೂಸಿಗೆ ನೀನ ಹೇಳು, ಎಂದಿದ್ದಳು. ಆಮೇಲೆ ದಾನೇಶ್ವರಿಗೆ ಒಂದೇ ದಾರಿ ಕಂಡಿತ್ತು. ಗಂಡೇ ಬೇಡವೆಂದರೆ ಇದು ನಿಲ್ಲುತ್ತದೆ. ನಿಶ್ಚಯವಾದ ಮೇಲೆ, ಲಗ್ನಕ್ಕೆ ಮೊದಲು, ಅವನ ಜೊತೆ ಮಾತಾಡಲು ಸಿಗುವುದು ಈ ಒಂದು ದಿನ. ನಾಳೆ ಲಗ್ನದ ಕಾರ್ಡುಗಳು ಪ್ರಿಂಟಿಗೆ ಹೋಗುತ್ತವೆ. ಹೇಳಬೇಕಾದದ್ದನ್ನು ಅವಳು ವಾರದಿಂದ ಮನಸ್ಸಿನಲ್ಲೇ ಬರೆದು ಅಳಿಸಿ ನಾಲ್ಕು ವಾಕ್ಯಕ್ಕೆ ಇಳಿಸಿದ್ದಳು.

ಆದರೆ ಬೆಳಗಿನಿಂದ ಒಂದು ವಾಕ್ಯಕ್ಕೂ ಜಾಗ ಸಿಕ್ಕಿರಲಿಲ್ಲ. ಲಗ್ನಕ್ಕೆ ಮೊದಲು ಇಬ್ಬರನ್ನೇ ಕಳಿಸಲಾಗದೆಂದು ಸಂಜಯನ ಅಕ್ಕ ರಾಜೇಶ್ವರಿ ಜೊತೆಗೆ ಬಂದಿದ್ದಳು. ಗಾಡಿಯಲ್ಲಿ ಅವಳು ಇಬ್ಬರ ನಡುವೆ ಕೂತು, ಗೋಕಾಕ ದಾಟುವ ಮೊದಲೇ ಸಜ್ಜಿರೊಟ್ಟಿಯ ಗಂಟು ಬಿಚ್ಚಿ, ಎಲ್ಲರಿಗೂ ಹಂಚಿ, ದಾನೇಶ್ವರಿಗೆ ಒಂದು ಬುದ್ಧಿಮಾತನ್ನೂ ಹೇಳಿದ್ದಳು. “ಇನ್ನ ಮ್ಯಾಲ ಅವಂಗ ಮಾಮಾ ಅನಬ್ಯಾಡ ದಾನಿ. ಮಂದಿ ಮುಂದ ಚಂದ ಕಾಣೂದಿಲ್ಲ.” ಅಕ್ಕನ ಗಂಡನನ್ನು ಆರು ವರ್ಷದಿಂದ ಮಾಮಾ ಎಂದೇ ಕರೆದವಳು ಹೂಂ ಎಂದಿದ್ದಳು. ಅದರ ಬದಲಿಗೆ ಏನು ಅನ್ನಬೇಕೆಂದು ರಾಜೇಶ್ವರಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಅವನನ್ನು ಕರೆಯುವ ಸಂದರ್ಭವೇ ಬರದಂತೆ ನೋಡಿಕೊಂಡಿದ್ದಳು.

ಮಠದ ಕಾಂಪೌಂಡಿನಲ್ಲಿ ಸಾಲಾಗಿ ನಿಲ್ಲಿಸಿದ ಹಿತ್ತಾಳೆಯ ಪ್ರಾರ್ಥನಾ ಚಕ್ರಗಳಿದ್ದವು. ಜನ ಅವನ್ನು ಕೈಯಿಂದ ತಿರುಗಿಸುತ್ತ ಸುತ್ತು ಹಾಕುತ್ತಿದ್ದರು. ಮಾಳೇಶ ಅಲ್ಲಿ ಅವಳನ್ನು ಮುಂದೆ, ಅವನನ್ನು ಮೂರು ಹೆಜ್ಜೆ ಹಿಂದೆ ನಡೆಸಿದ. ಅವಳು ತಿರುಗಿಸಿ ಬಿಟ್ಟ ಚಕ್ರವನ್ನು ಅದು ನಿಲ್ಲುವ ಮೊದಲು ಅವನು ಮುಟ್ಟಬೇಕು, ಅವಳು ಹೊರಳಿ ನೋಡಿ ನಗಬೇಕು. ಅವಳು ಹೊರಳಿದಾಗಲೆಲ್ಲ ಸಂಜಯ ಚಕ್ರವನ್ನೇ ನೋಡುತ್ತಿದ್ದ. ಟಿಬೇಟಿನ ಮುದುಕಿಯೊಬ್ಬಳು ಅವನ ಹಿಂದೆ ಬಂದವಳು, ಅವನು ತಡೆದು ನಿಲ್ಲಿಸಿದ ಚಕ್ರಗಳನ್ನು ಒಂದೊಂದಾಗಿ ಮತ್ತೆ ತಿರುಗಿಸುತ್ತ ಬಂದಳು. ಎಲ್ಲ ಫೋಟೋಗಳಲ್ಲೂ ಆ ಮುದುಕಿ ಇದ್ದಾಳೆಂದು ಮಾಳೇಶ ಗೊಣಗಿದ.

ಹತ್ತೂವರೆಗೆ ಅನಂತಪುರದಿಂದ ವಿಡಿಯೋ ಕಾಲ್ ಬಂತು. ರಾಜೇಶ್ವರಿ ಫೋನನ್ನು ದಾನೇಶ್ವರಿಯ ಮುಖದ ಮುಂದೆ ಹಿಡಿದಳು. ತೆರೆಯ ತುಂಬ ಸೌಂದರ್ಯಾಳ ಮೂಗು, ಅದರ ಹಿಂದೆ ಅಜ್ಜಿಯ, ಸಂಜಯನ ತಾಯಿ ಚನ್ನವ್ವನ ಸೆರಗು. ಕೂಸು “ಮಾವಶೀ” ಎಂದಿತು. ಅವ್ವನ ತಂಗಿಯನ್ನು ಅದು ಮಾತು ಬಂದಾಗಿನಿಂದ ಕರೆದದ್ದೇ ಹಾಗೆ. ಹಿಂದಿನಿಂದ ಚನ್ನವ್ವ, ಮಮ್ಮಿ ಅನ್ನು, ಎಂದು ಕಿವಿಯಲ್ಲಿ ಹೇಳಿದ್ದು ಇಲ್ಲಿಗೂ ಕೇಳಿಸಿತು. ಕೂಸು ತೆರೆಯನ್ನೇ ದಿಟ್ಟಿಸಿ, “ಮಾವಶೀ, ನೀ ಯಾಕ ಮಮ್ಮಿ ಸೀರಿ ಉಟ್ಟೀದಿ?” ಎಂದು ಕೇಳಿತು.

ಸೀರೆ ಮನೀಷಾಳದಲ್ಲ. ಆದರೆ ಅದೇ ತಿಳಿ ಹಸಿರು. ಮುರಗೆಪ್ಪ ದೊಡ್ಡ ಮಗಳಿಗೆ ತಂದ ಅಂಗಡಿಯಿಂದಲೇ ತಂದಿದ್ದ. ರಾಜೇಶ್ವರಿ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ಬೇರೆ ಮಾತು ತೆಗೆದಳು. ಬಿಲ್ಲಿ ಕಟ್ಟೀರಿ ಹೌದಿಲ್ಲೊ, ಎಂದು ಚನ್ನವ್ವ ಕೇಳಿದ್ದು ದಾನೇಶ್ವರಿಗೆ ಕೇಳಿಸಿತು. ಇನ್ನೂ ಕಟ್ಟಿರಲಿಲ್ಲ. ರಾಜೇಶ್ವರಿ ನಾಲಿಗೆ ಕಚ್ಚಿಕೊಂಡು, ಕಟ್ಟೇನಿ, ಎಂದು ಸುಳ್ಳು ಹೇಳಿ ಕಾಲ್ ಮುಗಿಸಿದಳು. ಆಮೇಲೆ ದಾನೇಶ್ವರಿಯನ್ನು ಒಂದು ಕಂಬದ ಮರೆಗೆ ಕರೆದುಕೊಂಡು ಹೋಗಿ ಪರ್ಸಿನಿಂದ ಕಾಗದದ ಪುಡಿಕೆಯೊಂದನ್ನು ಬಿಚ್ಚಿದಳು.

ಅದರೊಳಗೆ ಕರಿದಾರಕ್ಕೆ ಪೋಣಿಸಿದ ಹೆಬ್ಬೆರಳಿನ ಉಗುರಿನಷ್ಟು ಬೆಳ್ಳಿ ಬಿಲ್ಲೆ ಇತ್ತು. ಅಥಣಿಯ ಪತ್ತಾರನು ಅದರ ಮೇಲೆ ಎರಡು ಪುಟ್ಟ ಪಾದಗಳನ್ನು ಒತ್ತಿದ್ದ. ಹೆಂಡತಿ ಸತ್ತವನನ್ನು ಮದುವೆಯಾಗುವವಳು ಸತ್ತವಳ ಹೆಸರಿನ ಬಿಲ್ಲೆಯನ್ನು ಕೊರಳಲ್ಲಿ ಹಾಕಿಕೊಳ್ಳುವುದು ಆ ಮನೆಯ ಹಳೆಯ ರೂಢಿ. ಆಗ ಮೊದಲಿನವಳು ಸಿಟ್ಟಾಗುವುದಿಲ್ಲ, ಕೂಸಿನ ಮೇಲೆ ಕಣ್ಣು ಹಾಕುವುದಿಲ್ಲ. ಅದನ್ನು ಕಟ್ಟುವುದು ತಾಳಿಯ ಜೊತೆ, ಲಗ್ನದ ದಿನ. ಆದರೆ ನಿಶ್ಚಯದ ದಿನ ದಾನೇಶ್ವರಿಗೆ ಸೀರೆ ಉಡಿಸಿ ಸಂಜಯನ ಪಕ್ಕ ಕೂರಿಸಿದ ರಾತ್ರಿಯೇ ಸೌಂದರ್ಯಾಳಿಗೆ ಜ್ವರ ಬಂದಿತ್ತು. ಮೂರು ದಿನ ಇಳಿದಿರಲಿಲ್ಲ. ಮಗ ಮತ್ತೆ ಇವಳ ಪಕ್ಕ ನಿಲ್ಲುವುದಾದರೆ ಬಿಲ್ಲೆ ಇಲ್ಲದೆ ನಿಲ್ಲಬಾರದೆಂದು ಚನ್ನವ್ವ ಕೈಮುಗಿದು ಹೇಳಿ ಕಳಿಸಿದ್ದಳು.

“ಮುದುಕಿ ಜೀವ, ಅಂಜತೈತಿ. ಕಟ್ಟಿಗೊಂಡಬಿಡು ತಾಯಿ,” ಎಂದಳು ರಾಜೇಶ್ವರಿ. ಅವಳ ದನಿಯಲ್ಲಿ ಹುಕುಮು ಇರಲಿಲ್ಲ. ದಾನೇಶ್ವರಿ ಕತ್ತು ಬಾಗಿಸಿದಳು. ಜ್ವರ ಬಂದ ಆ ಮೂರು ದಿನ ಅವಳೂ ನಿದ್ದೆ ಮಾಡಿರಲಿಲ್ಲ. ಇಂಥವನ್ನು ನಂಬುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳಿಕೊಂಡು ತಿರುಗಿದವಳು, ಅಕ್ಕಾ, ಕೂಸಿಗೇನೂ ಮಾಡಬ್ಯಾಡ, ನಾನಾಗಿ ಬರಾಕತ್ತಿಲ್ಲ, ಎಂದು ಗೋಡೆಗೆ ಮುಖ ಮಾಡಿ ಬೇಡಿಕೊಂಡಿದ್ದಳು. ಬಿಲ್ಲೆ ಕೊರಳ ಗುಣಿಯಲ್ಲಿ ತಣ್ಣಗೆ ಕೂತಿತು.

ಮತ್ತೆ ಗೋಡೆಯ ಸರದಿ ಬಂದಾಗ ಬಿಸಿಲು ಮೇಲೇರಿತ್ತು. ಮಾಳೇಶ ಹತ್ತಿರದ ಫೋಟೋಗಳಿಗೆಂದು ಲೆನ್ಸು ಬದಲಿಸಿ, ಎರಡು ಸಲ ಕಣ್ಣಿಟ್ಟು ನೋಡಿ, ತಲೆ ಎತ್ತಿದ.

“ಮೇಡಂ, ಆ ಕರಿದಾರ ಒಂದೀಟು ತಗೀರಿ. ಬಿಸಲಿಗೆ ಬಿಲ್ಲಿ ಹೊಳ್ಯಾಕತ್ತೈತಿ. ಮಾರಿಕಿಂತ ಅದ ಮದಲ ಕಾಣತೈತಿ.”

ಮಾಳೇಶನಿಗೆ ಬುಕಿಂಗಿನಲ್ಲಿ ಗೊತ್ತಾಗಿದ್ದು ಎರಡು ಹೆಸರು, ಒಂದು ತಾರೀಖು ಅಷ್ಟೆ. ಅವನು ನಗುತ್ತ, ದೃಷ್ಟಿದ ಐತೇನ್ರಿ, ಎಡಿಟಿಂಗದಾಗ ತಗದ ಬಿಡ್ಲ್ಯಾ, ಎಂದು ಕೇಳಿದ. ಸಂಜಯ ಆಗ ಮೊದಲ ಸಲ ಅವಳ ಕೊರಳ ಕಡೆ ನೋಡಿದ. ಅದು ಕಟ್ಟಿದ್ದು ಅವನಿಗೆ ಗೊತ್ತಿರಲಿಲ್ಲ ಎಂಬುದು ಅವನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು.

“ತಗ್ಯಾಕ ಬರೂದಿಲ್ಲ,” ಎಂದಳು ದಾನೇಶ್ವರಿ. “ಇದು ನಮ್ಮಕ್ಕ.”

ಮಾಳೇಶನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಸಂಜಯನನ್ನು, ಬಿಲ್ಲೆಯನ್ನು, ಮತ್ತೆ ಸಂಜಯನನ್ನು ನೋಡಿದ. ಕ್ಯಾಮೆರಾವನ್ನು ಕೆಳಗಿಳಿಸಿ, ಲೆನ್ಸಿಗೆ ಮುಚ್ಚಳ ಹಾಕಿ, ತಪ್ಪ ತಿಳಕೋಬ್ಯಾಡ್ರಿ, ನಂಗ ಯಾರೂ ಹೇಳಿರಲಿಲ್ಲ, ಎಂದು ಮೂವರಿಗೂ ಒಟ್ಟಿಗೆ ಹೇಳಿದ. ರಾಜೇಶ್ವರಿಯ ಕಣ್ಣು ತುಂಬಿದ್ದವು. ಅವಳು ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಎಲ್ಲ ತಿಳಿಸಿ ಹೇಳಬೇಕಾಗಿತ್ತು. ಹೋಗುವ ಮೊದಲು ಇವರಿಬ್ಬರಿಗೆ, ಅಲ್ಲಿತನಕ ಒಳಗ ಹೋಗಿ ದೇವರಿಗೆ ಕೈಮುಗದ ಬರ್ರಿ, ಎಂದಳು. ಒಳಗಿನ ದೇವರು ಯಾರು ಎಂಬುದು ಅವಳಿಗೆ ಮುಖ್ಯವಾಗಿರಲಿಲ್ಲ.

ಪ್ರಾರ್ಥನಾ ಮಂದಿರದ ಒಳಗೆ ಫೋಟೋ ತೆಗೆಯುವ ಹಾಗಿರಲಿಲ್ಲ. ಹಗ್ಗ ಕಟ್ಟಿ ಮಾಡಿದ ದಾರಿಯಲ್ಲಿ ಸಾಲು ಇಂಚು ಇಂಚಾಗಿ ಸರಿಯುತ್ತಿತ್ತು. ಕಂಬಗಳಿಗೆ ಸುತ್ತಿದ ಜರತಾರಿ ಬಟ್ಟೆ, ಮೇಲಿಂದ ಇಳಿಬಿದ್ದ ಪಟಗಳು, ದೂರದಲ್ಲಿ ಮೂರಾಳೆತ್ತರದ ಬಂಗಾರ ಬಣ್ಣದ ಬುದ್ಧ, ಅವನ ಮುಂದೆ ಭಕ್ತರು ಗೋಪುರದಂತೆ ಪೇರಿಸಿಟ್ಟ ಬಿಸ್ಕಿಟ್ ಪಾಕೀಟು, ಜ್ಯೂಸಿನ ಬಾಟಲಿಗಳು. ತುಪ್ಪದ ದೀಪದ ಕಮಟು ವಾಸನೆ. ಮುಂದೆ ಶಾಲೆಯ ಹುಡುಗಿಯರ ಸಾಲು, ಹಿಂದೆ ಮರಾಠಿ ಮಾತಾಡುವ ದೊಡ್ಡ ಸಂಸಾರ. ಇಷ್ಟು ಜನರ ನಡುವೆ ಅವರ ಮಾತನ್ನು ಕೇಳುವವರು ಯಾರೂ ಇರಲಿಲ್ಲ. ಬೆಳಗಿನಿಂದ ಹುಡುಕುತ್ತಿದ್ದ ಏಕಾಂತ ಇದೇ ಎಂದು ದಾನೇಶ್ವರಿಗೆ ಅನ್ನಿಸಿತು. ಸಾಲು ಮೂರ್ತಿಯನ್ನು ದಾಟಿ ಹೊರಬೀಳುವ ತನಕ ಅಷ್ಟೇ ಸಮಯ.

ನಾಲ್ಕು ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ.

“ಮಾಮಾ,” ಎಂದಳು. “ನೀವು ಒಲ್ಲೆ ಅನ್ರಿ. ನೀವ ಅಂದ್ರ ನಮ್ಮ ಮನ್ಯಾಗ ಕೇಳ್ತಾರ.”

ಅವನು ಮುಂದಿನ ಹುಡುಗಿಯ ಬೆನ್ನಚೀಲವನ್ನು ನೋಡುತ್ತಿದ್ದ. ಸಾಲು ಒಂದು ಹೆಜ್ಜೆ ಸರಿಯಿತು. ಅವನೂ ಸರಿದ.

“ಅಂದೇನಿ,” ಎಂದ. “ಎರಡ ಸಲ ಅಂದೇನಿ. ಮದಲಿನ ಸಲ ಅವ್ವ ಎರಡ ದಿನ ಉಣಲಿಲ್ಲ. ಎರಡನೇ ಸಲ ನಿಮ್ಮಪ್ಪನ್ನ ಕರಿಸಿದ್ಲು. ಮಾವ ಬಂದು ನನ್ನ ಮುಂದ ಟಾವೆಲ್ ಹಾಸಿ ಬೇಡಕೋತ ಕುಂತ. ನನ್ನ ಮಗಳ ಕೂಸು ಪರದೇಶಿ ಆಗಬಾರ್ದು ಅಂದ.”

ಇದನ್ನು ಅಪ್ಪ ಮನೆಯಲ್ಲಿ ಹೇಳಿರಲಿಲ್ಲ. ಅನಂತಪುರದವರೇ ಕೇಳಿ ಬಂದಾರ, ಹುಡುಗ ಒಪ್ಯಾನ, ಎಂದಷ್ಟೇ ಹೇಳಿದ್ದ. ದಾನೇಶ್ವರಿಗೆ ಅಪ್ಪನ ಟಾವೆಲ್ಲು ಕಣ್ಣಿಗೆ ಕಂಡಿತು, ಅಂಚಿಗೆ ನೀಲಿ ಗೆರೆಯಿದ್ದದ್ದು. ಅವನು ಅದನ್ನು ಯಾರ ಮುಂದೆಯೂ ಹಾಸಿದವನಲ್ಲ.

“ಹಂಗಾರ ಇಬ್ರೂ ಕೂಡಿ ಅನ್ನೂಣ,” ಎಂದಳು. “ಇವತ್ತ. ಇಲ್ಲಿಂದ ಫೋನ್ ಮಾಡಿ.”

“ನೀ ಅನ್ನು. ನಾ ನಿನ್ನ ಹಿಂದ ನಿಂದರತೀನಿ.”

“ನಾ ಅಂದಿದ್ನಲ್ಲ ಆಗಿಂದ. ನನ್ನ ಮಾತು ಯಾರೂ ಕೇಳವಲ್ರು. ನೀವ ಮುಂದ ನಿಂದರ್ರಿ.”

ಹಿಂದಿನ ಸಂಸಾರದ ಹೆಂಗಸು, ಪುಢೇ ಚಲಾ, ಎಂದು ಕೈಯಿಂದ ಹಗುರಾಗಿ ಮುಂದೆ ತಳ್ಳಿದಳು. ಇಬ್ಬರೂ ಎರಡು ಹೆಜ್ಜೆ ನಡೆದರು. ಬುದ್ಧನ ತೊಡೆಯ ಮೇಲಿಟ್ಟ ಅಂಗೈ ಈಗ ಕಾಣುತ್ತಿತ್ತು.

“ನಿನ್ನ ಮಾರಿ ನೋಡಾಕ ಆಗೂದಿಲ್ಲ ನನಗ,” ಎಂದ ಸಂಜಯ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳು ಅವನ ಕಡೆ ವಾಲಬೇಕಾಯಿತು. “ಆ ಫೋಟೋದಂವ ನೋಡ್ರಿ ನೋಡ್ರಿ ಅಂತಾನ. ನೀ ನಕ್ಕರ ಅಕಿ ನಕ್ಕಂಗ ಆಗತೈತಿ. ನೀ ಸಿಟ್ಟಾದ್ರೂ ಹಂಗ. ದಿನಾ ಹೆಂಗ ನೋಡ್ಲಿ ಹೇಳು.” ಪಕ್ಕದ ಹಗ್ಗ ಹಿಡಿದುಕೊಂಡು, “ಆದ್ರ ನೀ ನಮ್ಮಲ್ಲಿ ಬಂದಾಗ ಕೂಸು ನಿನ್ನ ಮಗ್ಗಲದಾಗಷ್ಟ ಮಲಗತೈತಿ. ನೀ ಹೊಳ್ಳಿ ಕಬ್ಬೂರಿಗೆ ಹ್ವಾದ ದಿನ ಬಾಗಲದಾಗ ಕುಂದರತೈತಿ. ನಾ ಕರದ್ರ ಒಳಗ ಬರೂದಿಲ್ಲ,” ಎಂದ.

ಅವಳಿಗೆ ಅವನ ಮೇಲೆ ಸಿಟ್ಟು ಬರಬೇಕಾಗಿತ್ತು. ಇವನೂ ಕೂಸನ್ನೇ ಮುಂದೆ ಮಾಡುತ್ತಿದ್ದಾನೆ. ಆದರೆ ಅವನು ಕಣ್ಣು ಒರೆಸಿಕೊಳ್ಳದೆ ನಿಂತ ರೀತಿಯಲ್ಲಿ, ಮೂವತ್ತೆರಡು ವರ್ಷದ ಆ ಗಂಡಸು, ದ್ರಾಕ್ಷಿ ತೋಟದಲ್ಲಿ ನಲವತ್ತು ಆಳಿಗೆ ಕೂಗಿ ಕೆಲಸ ಹೇಳುವವನು, ಅವನ ಮನೆಯಲ್ಲಿ ತನ್ನ ಹಾಗೆಯೇ ದನಿಯಿಲ್ಲದವನು ಎಂದು ಅವಳಿಗೆ ಅರಿವಾಯಿತು. ಒಂದು ವಾರ ಅವಳು ನಂಬಿಕೊಂಡು ಬಂದಿದ್ದ ಬಾಗಿಲು ಬರೀ ಗೋಡೆಯ ಮೇಲೆ ಬರೆದ ಬಾಗಿಲಾಗಿತ್ತು.

ಆಗ ಅವಳ ಫೋನು ನಡುಗಿತು. ಅಪ್ಪ. ಒಳಗೆ ಫೋನಿನಲ್ಲಿ ಮಾತಾಡಬಾರದೆಂದು ಭಿಕ್ಕುವೊಬ್ಬ ದೂರದಿಂದ ಕೈ ಮಾಡಿದ. ಅವಳು ಸೆರಗಿನ ಮರೆಯಲ್ಲಿ ಕಿವಿಗೆ ಹಿಡಿದಳು.

ಮುರಗೆಪ್ಪ ಚಿಕ್ಕೋಡಿಯ ಪ್ರೆಸ್ಸಿನಲ್ಲಿದ್ದ. ನಾಳೆ ಕರೆಂಟು ಇರುವುದಿಲ್ಲವಂತೆ, ಕಾರ್ಡನ್ನು ಇವತ್ತೇ ಅಚ್ಚು ಹಾಕುತ್ತಾರಂತೆ. ಎಲ್ಲರ ಹೆಸರೂ ಸರಿಯಾಗಿ ಕೂತಿವೆ, ಮೇಲುಗಡೆ ಒಂದು ಸಾಲು ಜಾಗ ಉಳಿದಿದೆ ಎಂದು ಹೇಳಿದ. ಹಿಂದಿನಿಂದ ಯಂತ್ರದ ಸದ್ದು ಬರುತ್ತಿತ್ತು.

“ಅಲ್ಲಿ ನಿಮ್ಮಕ್ಕನ ಹೆಸರು ಹಾಕ್ಲೇನವ್ವಾ? ಅಕಿ ಆಶೀರ್ವಾದದಿಂದ ಅಂತ. ನಿಮ್ಮವ್ವ ಬ್ಯಾಡ ಅಂತಾಳ. ನೀ ಹೇಳಿದಂಗ ಮಾಡ್ತೀನಿ.”

ಇಷ್ಟು ದಿನದಲ್ಲಿ ಅಪ್ಪ ಅವಳನ್ನು ಕೇಳಿದ್ದು ಇದೊಂದೇ ಮಾತು. ದಾನೇಶ್ವರಿ ಸಂಜಯನ ಕಡೆ ನೋಡಿದಳು. ಫೋನಿನ ದನಿ ಅವನಿಗೂ ಕೇಳಿಸಿತ್ತು. ಅವನು ಈಗ ಅವಳನ್ನೇ ನೋಡುತ್ತಿದ್ದ, ಹಣೆಯನ್ನಲ್ಲ, ಹುಬ್ಬನ್ನಲ್ಲ. ಅವಳೇ ಹೇಳಲಿ ಎಂದು ಅವನು ಕಾಯುತ್ತಿದ್ದಾನೆ, ಅವನೇ ಫೋನು ಕಸಿದುಕೊಂಡು ಹೇಳಲಿ ಎಂದು ತಾನು ಕಾಯುತ್ತಿದ್ದೇನೆ ಎಂದು ಅವಳಿಗೆ ಹೊಳೆಯಿತು. ಕಾರ್ಡ ಬ್ಯಾಡಪ್ಪಾ, ಎಂಬ ಮಾತು ನಾಲಿಗೆಯ ಮೇಲೆ ಇತ್ತು. ಅದನ್ನು ಕೇಳಿ ಅಪ್ಪ ಪ್ರೆಸ್ಸಿನ ಹುಡುಗರ ಮುಂದೆ ಟಾವೆಲ್ಲು ತೆಗೆದು ಮುಖ ಒರೆಸಿಕೊಳ್ಳುವುದು ಕಂಡಿತು. ಬಾಗಿಲಲ್ಲಿ ಕೂತ ಕೂಸು ಕಂಡಿತು.

“ಹಲೋ? ಕೇಳ್ತೇನು ದಾನವ್ವಾ?”

“ಕೇಳ್ತು,” ಎಂದಳು. “ಹಾಕ್ರಿ.”

“ಹಾಕ್ಲ್ಯಾ?”

“ಹೂಂ. ಅಕ್ಕನ ಹೆಸರು ಹಾಕ್ರಿ.”

ಫೋನು ಕೆಳಗಿಳಿಸಿದಾಗ ಅವರು ಮೂರ್ತಿಯ ಎದುರಿಗೇ ಇದ್ದರು. ಹಿಂದಿನವರು ಕೈಮುಗಿಯುತ್ತಿದ್ದರು. ಇವರೂ ಮುಗಿದರು. ಸಂಜಯ ಏನೋ ಹೇಳಲು ಬಾಯಿ ತೆರೆದ. ಆದರೆ ಸಾಲು ಅಲ್ಲಿಂದ ಬೇಗ ಬೇಗ ಬಾಗಿಲ ಕಡೆ ಹರಿಯುತ್ತಿತ್ತು. ಹೊರಗಿನ ಬಿಸಿಲು ಇಬ್ಬರ ಕಣ್ಣಿಗೂ ಒಮ್ಮೆಲೇ ಹೊಡೆಯಿತು. ದೂರದಲ್ಲಿ ಗೋಡೆಯ ಹತ್ತಿರ ರಾಜೇಶ್ವರಿ ಕೈಬೀಸುತ್ತಿದ್ದಳು. ನೇರಳೆ ಗೌನಿನ ಹುಡುಗಿಯ ಸರದಿ ಮುಗಿಯುವುದರಲ್ಲಿದೆ, ಬೇಗ ಬರಬೇಕು ಎಂದು ಅದರ ಅರ್ಥ.

ಬಾಗಿಲ ಬದಿಯಲ್ಲಿ ನೂರಾರು ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಶಾಲೆಯ ಹುಡುಗಿಯರು ಕಾಲಿನಿಂದಲೇ ಕೆದರಿ ಹುಡುಕಿ ಎಲ್ಲ ಅಸ್ತವ್ಯಸ್ತ ಮಾಡಿ ಹೋಗಿದ್ದರು. ಸಂಜಯನಿಗೆ ತನ್ನದು ಸಿಕ್ಕಿತು. ಅವನು ಅದನ್ನು ಮೆಟ್ಟದೆ ಹಾಗೇ ಬರಿಗಾಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅವಳದನ್ನು ಹುಡುಕತೊಡಗಿದ. ಒಂದು ಕಂದು ಬಣ್ಣದ್ದನ್ನು ಎತ್ತಿ ಅವಳ ಕಡೆ ನೋಡಿದ. ಅವಳು ಅಲ್ಲವೆಂದು ತಲೆಯಾಡಿಸಿದಳು. ಕಲ್ಲು ಕಾದಿತ್ತು. ಅವಳು ಒಂದು ಕಾಲಿನ ಮೇಲೆ ಇನ್ನೊಂದನ್ನು ಇಟ್ಟುಕೊಂಡು ನಿಂತಳು. ಅವನು ರಾಶಿಯಲ್ಲಿ ಕೈಯಾಡಿಸಿ, ಕಪ್ಪು ಪಟ್ಟಿಯ ಇನ್ನೊಂದು ಜೋಡಿಯನ್ನು ಹೊರಗೆಳೆದು, ಅಂಗೈಯಿಂದ ಧೂಳು ಒರೆಸಿ, ಮೇಲೆ ಹಿಡಿದು ತೋರಿಸಿದ.